ಅಜ್ಜಿಯ ನಂಬರಿನ ಚೀಲ

ವಿಂಗಡಿಸದ ಕಸವನ್ನು ನಮ್ಮ ಕಸದ ಗಾಡಿಯವನು ಒಯ್ಯುವುದಿಲ್ಲ; ಚೀಲದ ಮೇಲಿನ ಮನೆ ನಂಬರ್ ನೋಡಿ ಬಾಗಿಲಿಗೇ ತಂದಿಡುತ್ತಾನೆ. ಆ ದಿನ ನನಗೆ ಪುರುಸೊತ್ತಿರಲಿಲ್ಲ ಎಂದರೆ ಸುಳ್ಳು, ಬರೀ ಮೈಗಳ್ಳತನ. ಹಳಸಿದ ಅನ್ನ, ಪ್ಲಾಸ್ಟಿಕ್, ಮಗಳ ಡೈಪರ್ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ, ಮೇಲೆ ಪಕ್ಕದ ಮನೆಯ ಅಜ್ಜಿಯ ನಂಬರ್ ಬರೆದುಬಿಟ್ಟೆ.

ಚೀಲ ಅಜ್ಜಿಯ ಬಾಗಿಲಿಗೆ ವಾಪಸಾಯಿತು. "ಇಷ್ಟು ವಯಸ್ಸಾದ್ರೂ ಕಸ ಬೇರೆ ಮಾಡೋಕೆ ಬರಲ್ವಾ?" ಎಂದು ಗಾಡಿಯವನು ಗದರಿದ್ದು ನನಗೂ ಕೇಳಿಸಿತು. ನಾನು ಮೆಲ್ಲಗೆ ಕಿಟಕಿ ಮುಚ್ಚಿಕೊಂಡೆ.

ಸಂಜೆ ಅಜ್ಜಿ ಬಂದರು.

"ತಗೋಮ್ಮ, ಆ ಕಸ ಬೇರೆ ಮಾಡ್ತಿದ್ದಾಗ ಸಿಕ್ತು," ಎಂದು ತೊಳೆದ ಪುಟ್ಟ ಚಮಚವೊಂದನ್ನು ನನ್ನ ಕೈಗಿಟ್ಟರು.

ಮಗಳು ಹುಟ್ಟಿದಾಗ ಅವರೇ ಕೊಟ್ಟಿದ್ದ ಚಮಚ.

"ನಾಳೆಯಿಂದ ನಿನ್ನ ಚೀಲಾನೂ ನನಗೇ ಕೊಡು. ಕೈಗೂಸು ಇಟ್ಕೊಂಡು ನಿನಗೆಲ್ಲಿ ಪುರುಸೊತ್ತು?"