ಕಹಿಯಿಲ್ಲದ ಕಷಾಯ

ಮರಾನ್ಯೋನ್ ನದಿಯ ದಂಡೆಯ ಊರಿನಲ್ಲಿ ಎದೆಲ್ಮೀರಾ ಅಜ್ಜಿಯ ಮೊಮ್ಮಗಳು ನೈಲಿಗೆ ದಿನ ಬಿಟ್ಟು ದಿನ ಚಳಿಜ್ವರ. ಮಧ್ಯಾಹ್ನವಾಯಿತೆಂದರೆ ಹಲ್ಲು ಕಟಕಟ, ಆಮೇಲೆ ಮೈ ಕೆಂಡ. ತಾಯಿಯಿಲ್ಲದ ಆರು ವರ್ಷದ ಕೂಸು ಜೋಲಿಯಲ್ಲಿ ಮಲಗಿ ಮಲಗಿ ಕಡ್ಡಿಯಾಗಿತ್ತು. ಆದರೂ ಅಜ್ಜಿಯ ಧೈರ್ಯ ಕುಂದಿರಲಿಲ್ಲ. ಬೆಟ್ಟದ ಕಡೆಯ ದೋಣಿ ವ್ಯಾಪಾರಿಯಿಂದ ಕೀನಾ ಮರದ ತೊಗಟೆ ಕೊಂಡು ತಂದು, ಐದು ದಿನದಿಂದ ಅದರ ಕಷಾಯ ಕುಡಿಸುತ್ತಿದ್ದಳು. ಮಲೇರಿಯಾಕ್ಕೆ ಕೀನಾ ಇದ್ದಮೇಲೆ ಆಸ್ಪತ್ರೆ ಯಾಕೆ ಎಂಬುದು ಅವಳ ವಾದ.

ಪಕ್ಕದ ಮನೆಯ ರೊಸಾವ್ರಾ ಊರಿನ ಆರೋಗ್ಯ ಕಾರ್ಯಕರ್ತೆ. ಮಗುವಿನ ಬೆರಳು ಚುಚ್ಚಿ ರಕ್ತ ನೋಡೋಣವೆಂದು ಎರಡು ಸಲ ಬಂದಿದ್ದಳು. ಎರಡು ಸಲವೂ ಅಜ್ಜಿ ಬೈದು ಓಡಿಸಿದ್ದಳು. ಮೂರನೆಯ ಸಲವೂ ಅದೇ ಮಾತು.

"ನಿನ್ನ ಹೊಕ್ಕುಳಬಳ್ಳಿ ಕೊಯ್ದವಳು ನಾನು. ನನಗೇ ಮದ್ದು ಕಲಿಸ್ತೀಯಾ?"

"ಕಲಿಸೋದೇನಿದೆ ಅಜ್ಜಿ, ಕೀನಾದಲ್ಲಿ ಕ್ವಿನೈನ್ ಇರೋದು ನಿಜ. ಅದು ಲೋಕಕ್ಕೆ ಹೋಗಿದ್ದೇ ನಮ್ಮ ಬೆಟ್ಟಗಳಿಂದ. ಆದ್ರೆ ಮರದಿಂದ ಮರಕ್ಕೆ ಅಳತೆ ಬೇರೆ. ಕಮ್ಮಿಯಾದ್ರೆ ಜ್ವರ ಬಿಡಲ್ಲ. ಜಾಸ್ತಿಯಾದ್ರೆ ಕಿವಿ ಗುಂಯ್ ಅನ್ನುತ್ತೆ, ಎದೆಬಡಿತಾನೂ ತಪ್ಪಬಹುದು. ಈ ಲೋಟದಲ್ಲಿ ಎಷ್ಟಿದೆ ಅಂತ ನಿಂಗೆ ಗೊತ್ತಾ?"

ಅಜ್ಜಿ ಬಗ್ಗಲಿಲ್ಲ. ತನ್ನ ನೈಲಿ ಒಂದು ತೊಟ್ಟೂ ಬಿಡದೆ ಕುಡಿಯುತ್ತಾಳೆ ಎಂದು ಬೀಗಿದಳು.

"ಕೀನಾ ಕುಡಿದು ಮುಖ ಕಿವುಚದ ಮಗುನ ನೀನು ಎಲ್ಲಾದ್ರೂ ನೋಡಿದ್ದೀಯಾ ಅಜ್ಜಿ?" ಎಂದಳು ರೊಸಾವ್ರಾ ಮೆಲ್ಲಗೆ.

ಅಜ್ಜಿ ಲೋಟ ಎತ್ತಿ ಒಂದು ಗುಟುಕು ಕುಡಿದಳು. ಕಹಿಯೇ ಇಲ್ಲ. ತೊಗಟೆ ಉಜ್ಜಿ ಮೂಸಿದರೆ ಘಮ್ಮೆಂದಿತು. ಅದು ಎಸ್ತೊರಾಕೆ, ಅವರ ಕಾಡಿನಲ್ಲೇ ಬೆಳೆಯುವ ಸುವಾಸನೆಯ ಮರ. ಕೆಲವು ಕಡೆ ಅದನ್ನೂ ಕೀನಾ ಎಂದೇ ಕರೆಯುತ್ತಾರೆ. ಹೆಸರು ಕೇಳಿ ಕೊಂಡವಳು ನಾಲಿಗೆಗೆ ಹಚ್ಚಿ ನೋಡಿರಲಿಲ್ಲ. ಐದು ದಿನ ಕೂಸಿಗೆ ಬರೀ ಘಮಘಮದ ನೀರು ಕುಡಿಸಿದೆನಲ್ಲ ಎಂದು ಅವಳು ಲೋಟದಲ್ಲಿದ್ದದ್ದನ್ನು ಹೊರಗೆ ಚೆಲ್ಲಿದಳು.

"ಚುಚ್ಚು ತಾಯಿ," ಎಂದು ನೈಲಿಯ ಬೆರಳನ್ನು ತಾನೇ ಹಿಡಿದುಕೊಟ್ಟಳು.

ಮಲೇರಿಯಾವೇ ಆಗಿತ್ತು. ರೊಸಾವ್ರಾ ಏಳು ದಿನದ ಗುಳಿಗೆ ಕೊಟ್ಟಳು. ನಾಲ್ಕನೆಯ ದಿನಕ್ಕೆ ಜ್ವರ ಬಿಟ್ಟು, ಸುಟ್ಟ ಬಾಳೆಕಾಯಿ, ಮೀನು ಬೇಕೆಂದು ನೈಲಿ ಹಠ ಹಿಡಿದಳು. ಅಜ್ಜಿಗೆ ಹೋದ ಜೀವ ಬಂದಂತಾಯಿತು. ಉಳಿದ ಗುಳಿಗೆಯನ್ನು ತನಗೆ ಎತ್ತಿಡು ಎಂದು ಹುಡುಗಿಯ ಅಪ್ಪ, ಅಜ್ಜಿಯ ಮಗ, ಹೇಳಿದ. ಕಾಡಿಗೆ ಹೋದಾಗ ಜ್ವರ ಬಂದರೆ ಬೇಕಾಗುತ್ತದಂತೆ.

"ಜ್ವರ ಹೋಗಿದೆ ಕಣೋ, ರೋಗ ಹೋಗಿಲ್ಲ. ಅದಿನ್ನೂ ಲಿವರಿನಲ್ಲಿ ಅವಿತು ಕೂತಿರುತ್ತೆ. ಏಳು ದಿನ ಅಂದ್ರೆ ಏಳು ದಿನ," ಎಂದು ಅಜ್ಜಿ ಮಗನನ್ನೇ ಗದರಿದಳು. ತಾನು ಹೇಳಿಕೊಟ್ಟ ಮಾತೇ ಕೇಳಿಬಂದು ಪಕ್ಕದ ಮನೆಯಲ್ಲಿ ರೊಸಾವ್ರಾ ನಕ್ಕಳು.

ಅಕ್ಕಂದಿರೇ, ಅಣ್ಣಂದಿರೇ, ಗಿಡಮರಗಳ ಗುಣ ದೊಡ್ಡದು, ಅದನ್ನು ಬಲ್ಲ ಹಿರಿಯರೂ ದೊಡ್ಡವರು. ಆದರೆ ಚಳಿಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಕೊಟ್ಟ ಗುಳಿಗೆಯನ್ನು ಹೇಳಿದಷ್ಟೂ ದಿನ ನುಂಗಿಸಿ. ಎದೆಲ್ಮೀರಾ ಅಜ್ಜಿಗೆ ಐದು ದಿನ ತಡವಾದರೂ ಮಗು ಉಳಿಯಿತು. ಎಲ್ಲ ಮಕ್ಕಳಿಗೂ ಅಷ್ಟು ದಿನ ಕಾಯಲು ಆಗುವುದಿಲ್ಲ.