ಸೋಮಾರಿಯ ಅನ್ನ

ಗಡಿಯಾರ ರಿಪೇರಿ ಮಾಡುವವನಿಗೆ ಕಣ್ಣೇ ಅನ್ನ. ಹೆಂಡತಿ ದೇವರ ಪಾದ ಸೇರಿದ ನಾಲ್ಕು ತಿಂಗಳಲ್ಲಿ ಮುದುಕನ ಕಣ್ಣು ಮಂಜಾಗತೊಡಗಿತ್ತು. ಸಾಸಿವೆ ಕಾಳಿನಷ್ಟು ತಿರುಪು ಭೂತಗನ್ನಡಿಯೊಳಗೆ ಎರಡಾಗಿ ಕಾಣುತ್ತಿತ್ತು. ಅತ್ತು ಅತ್ತು ಹೀಗಾಗಿದೆ ಎಂದುಕೊಂಡ.

ವೈದ್ಯೆ ರಕ್ತಪರೀಕ್ಷೆಯ ಚೀಟಿ ನೋಡಿದರು. "ಅಳು ಅಲ್ಲ ಯಜಮಾನ್ರೇ, ಸಕ್ಕರೆ. ಎರಡು ವರ್ಷ ಹಿಡಿತದಲ್ಲಿತ್ತಲ್ಲ? ಹೀಗೇ ಬಿಟ್ರೆ ಅಂಗಡಿ ಮುಚ್ಚಬೇಕಾಗತ್ತೆ. ಮಾತ್ರೆ ತಪ್ಪಿಸಿದ್ರಾ?"

"ದೇವರಾಣೆ ಇಲ್ಲಮ್ಮ."

"ಊಟದಲ್ಲಿ ಏನಾದ್ರೂ ಬದಲಾಯ್ತಾ?"

ಜೊತೆಗೆ ಬಂದಿದ್ದ ಸೊಸೆ ಹೇಳಿದಳು: "ಅದೇ ಅನ್ನ, ಅದೇ ಅಳತೆ ಡಾಕ್ಟ್ರೇ. ನಾನು ಒಲೆಯಿಂದ ಇಳಿಸಿ ಬಿಸಿಬಿಸಿ ಬಡಿಸ್ತೀನಿ, ಅಷ್ಟೇ. ಕೊನೇ ಎರಡು ವರ್ಷ ಅತ್ತೆ ಹಿಂದಿನ ದಿನಾನೇ ಬೇಯಿಸಿ ಫ್ರಿಜ್ಜಲ್ಲಿ ಇಡೋರು. ಮಾವ ದಿನಾ ಬೈಯೋರು."

ಬೈಯುತ್ತಿದ್ದುದು ನಿಜ. 'ನನ್ನ ಹಣೆಗೆ ಈ ಸೋಮಾರಿ ಗಂಟುಬಿದ್ದಳು' ಎಂದು ಪ್ರತಿ ಮಧ್ಯಾಹ್ನ ಗೊಣಗುತ್ತಿದ್ದ. ಆಕೆ ಕೇಳಿಯೂ ಕೇಳದವಳಂತೆ ತಟ್ಟೆಯನ್ನು ಹತ್ತಿರಕ್ಕೆ ಸರಿಸುತ್ತಿದ್ದಳು.

ವೈದ್ಯೆ ಚೀಟಿ ಕೆಳಗಿಟ್ಟರು. "ಬೆಂದ ಅನ್ನ ತಣ್ಣಗೆ ಆರಿದ್ರೆ ಅದರ ಪಿಷ್ಟದಲ್ಲಿ ಒಂದು ಪಾಲು ಗಟ್ಟಿಯಾಗತ್ತೆ. ಅದು ಬೇಗ ಸಕ್ಕರೆಯಾಗಲ್ಲ. ಕರುಳಲ್ಲಿರೋ ಒಳ್ಳೆ ಜೀವಾಣುಗಳಿಗೆ ಊಟವಾಗತ್ತೆ. ಮಾತ್ರೆಗೆ ಬದಲಿಯಲ್ಲ, ಜೊತೆ. ನಾನೇ ನಿಮ್ಮ ಮನೆಯವರಿಗೆ ಹೇಳಿದ್ದೆ."

"ನನಗ್ಯಾಕೆ ಹೇಳಲಿಲ್ಲ?"

"ಅವರೇ ಬೇಡ ಅಂದ್ರು. 'ಪಥ್ಯ ಅಂದ್ರೆ ತಟ್ಟೆ ತಳ್ಳಿ ಏಳ್ತಾರೆ. ಸೋಮಾರಿ ಅಂತ ಬೈಕೊಂಡಾದ್ರೂ ತಿನ್ಲಿ' ಅಂದ್ರು."

ಮುದುಕ ತನ್ನ ಎರಡು ಅಂಗೈಗಳನ್ನೇ ನೋಡುತ್ತ ಕುಳಿತ. ಸೊಸೆ ಹಣೆ ಚಚ್ಚಿಕೊಂಡಳು. "ಅಯ್ಯೋ ಮಾವ, ಅಕ್ಕರೆ ಮಾಡೋಕೆ ಹೋಗಿ ನಾನೇ ಕಣ್ಣು ಕೆಡಿಸಿದೆ!"

"ನಿನ್ನದೇನು ತಪ್ಪು ತಾಯಿ? ನಲವತ್ತು ವರ್ಷ ಎದುರಿಗೆ ಕೂತು ಉಂಡ ನನಗೇ ತಿಳಿಯಲಿಲ್ಲ."

ಅಂದಿನಿಂದ ಸೊಸೆ ಅನ್ನ ಬೇಯಿಸಿ, ಬಿಸಿ ಇಳಿದ ಕೂಡಲೇ ಮುಚ್ಚಿ ಫ್ರಿಜ್ಜಿನೊಳಗಿಟ್ಟು, ಮರುದಿನ ಬಡಿಸತೊಡಗಿದಳು. ಮಾತ್ರೆಯೂ ನಡೆಯಿತು, ಸಂಜೆ ನಡಿಗೆಯೂ ಸೇರಿತು. ಮೂರು ತಿಂಗಳಿಗೆ ಸಕ್ಕರೆ ಇಳಿಯಿತು. "ಇಷ್ಟೂ ಅನ್ನದ ಪುಣ್ಯ ಅಂತ ನಾನು ಹೇಳಲಾರೆ" ಎಂದು ವೈದ್ಯೆ ನಕ್ಕರು. ಮುದುಕನಿಗೆ ಆ ಲೆಕ್ಕ ಬೇಕಿರಲಿಲ್ಲ. ಅಂದು ಬೆಳಿಗ್ಗೆ ಭೂತಗನ್ನಡಿಯೊಳಗೆ ತಿರುಪು ಒಂದೇ ಒಂದಾಗಿ ಕಂಡಿತ್ತು.

ಮಧ್ಯಾಹ್ನ ತಟ್ಟೆ ಬಂತು. ಅನ್ನ ಮುಟ್ಟಿದರೆ ತಣ್ಣಗೆ. ಹಳೆಯ ಬೈಗುಳ ನಾಲಗೆಯ ತುದಿಗೆ ಬಂದು ನಿಂತಿತು. ಅವನು ಕಣ್ಣು ಮುಚ್ಚಿ ಕೈಮುಗಿದ.

"ದೇವರೇ, ನನ್ನ ಸೋಮಾರಿಯನ್ನು ನಿನ್ನ ಹತ್ತಿರ ಚೆನ್ನಾಗಿ ನೋಡಿಕೋ."

ಆಮೇಲೆ ಒಂದಗುಳೂ ಬಿಡದೆ ಉಂಡ.