ಟಾಕೀಸಿನ ಗಂಟೆ ಅಪಾರ್ಟ್‌ಮೆಂಟಿಗೆ ಬಂದದ್ದು

ನಾನೊಂದು ಕಂಚಿನ ಕೈಗಂಟೆ. ನಾಗಮಂಗಲದ ಎರಕದ ಮನೆಯೊಂದರಲ್ಲಿ ಅಚ್ಚಿಗೆ ಇಳಿದು, ತಣ್ಣಗಾಗಿ, ಹುಣಸೆಹಣ್ಣಿನಿಂದ ಉಜ್ಜಿಸಿಕೊಂಡು ಲೋಕ ಕಂಡವಳು. ಮೊದಲು ನನ್ನನ್ನು ಒಂದು ಶಾಲೆ ಕೊಂಡಿತು. ಸ್ವಲ್ಪ ದಿನಕ್ಕೇ ಹೆಡ್‌ಮಾಸ್ಟರು ಕಿವಿ ಮುಚ್ಚಿಕೊಂಡು, "ಈ ಹಾಳಾದ್ದು ಕೂಗಿದ್ರೆ ಪಕ್ಕದೂರಿನ ಸ್ಕೂಲೂ ಬಿಟ್ಬಿಡುತ್ತೆ" ಎಂದು ಮಾರಿಬಿಟ್ಟರು. ನನಗೇನೂ ಬೇಜಾರಾಗಲಿಲ್ಲ. ಮೆಲ್ಲಗೆ ಮಾತಾಡುವುದು ನನ್ನ ಜಾಯಮಾನವೇ ಅಲ್ಲ.

ಹಾಗೆ ತುಮಕೂರಿನ ಮೋಹಿನಿ ಟಾಕೀಸಿಗೆ ಬಂದೆ. ಆಹಾ, ಅದು ಬದುಕು! ಇಂಟರ್‌ವಲ್‌ನಲ್ಲಿ ಬೋಂಡ, ಸೋಡಾ, ಬೀಡಿ ಅಂತ ಚದುರಿದ ಜನರನ್ನು ಮತ್ತೆ ಒಳಗೆ ಅಟ್ಟುವುದು ನನ್ನ ಕೆಲಸ. ನನ್ನನ್ನು ಆಡಿಸುತ್ತಿದ್ದವರು ಮ್ಯಾನೇಜರ್ ಶಿವರುದ್ರಯ್ಯನವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಸದಾ ಲವಂಗ. ಸೀಟಿಗಾಗಿ ಯಾರಾದರೂ ಅಂಗಿಯ ಪಟ್ಟಿ ಹಿಡಿದುಕೊಂಡರೆ ಅವರು ಇಬ್ಬರಿಗೂ "ಆಯ್ತು ಸಾರ್, ನೋಡೋಣ ಸಾರ್" ಎಂದು ಬೆಣ್ಣೆ ಸವರುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ನನ್ನನ್ನು ಬಾರಿಸಿ ಅವಸರದ ಇಂಟರ್‌ವಲ್ ಬಿಟ್ಟುಬಿಡುತ್ತಿದ್ದರು. "ಎಷ್ಟೊತ್ತು ಕಿತ್ತಾಡ್ತಾರೆ ಹೇಳಿ? ಶೋ ಮುಗಿದ್ಮೇಲೆ ಮನೆಗೆ ಹೋಗ್ಲೇಬೇಕಲ್ಲ" ಎಂದು ಗೇಟ್‌ಕೀಪರ್ ಬಳಿ ನಗುತ್ತಿದ್ದರು. ಅವರ ವಿದ್ಯೆಯೆಲ್ಲ ಇಷ್ಟೇ. ಅಷ್ಟು ಸಾಕಾಗುತ್ತಿತ್ತು ಕೂಡ.

ಒಂದು ದಿನ ಟಾಕೀಸು ಮಾರಾಟವಾಯಿತು. ಕುರ್ಚಿಗಳು ಒಂದು ಕಡೆ ಹೋದವು, ಪರದೆ ಇನ್ನೊಂದು ಕಡೆ. ಮಾಲೀಕರು "ನಿಮಗೇನು ಬೇಕೋ ತಗೊಳ್ಳಿ" ಎಂದಾಗ ಶಿವರುದ್ರಯ್ಯನವರು ನನ್ನನ್ನು ಎತ್ತಿಕೊಂಡರು. ಅವತ್ತು ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಮನೆಯಲ್ಲಿ ಸಂಕಟ ಶುರುವಾಯಿತು. ಅವರಿಗೆ ಐವತ್ತು ದಾಟಿತ್ತು. ಎರಡು ಕಡೆಯಿಂದ ಕರೆ ಬಂದಿತ್ತು. ಒಂದು, ಮಾಲ್‌ನಲ್ಲಿ ಹೊಸದಾಗಿ ತೆರೆದ ಮಲ್ಟಿಪ್ಲೆಕ್ಸು. ಮ್ಯಾನೇಜರಿಕೆ ಅಲ್ಲ, ಬಾಗಿಲಲ್ಲಿ ನಿಂತು ಟಿಕೆಟ್ ನೋಡುವ ಕೆಲಸ. ಇನ್ನೊಂದು, ಹೊಂಬೆಳಕು ಅಪಾರ್ಟ್‌ಮೆಂಟಿನ ಮ್ಯಾನೇಜರ್ ಕೆಲಸ. ಟಾಕೀಸಿಗೆ ತಪ್ಪದೆ ಬರುತ್ತಿದ್ದ ಹಲ್ಲಿನ ಡಾಕ್ಟರ್ ಮಾಲತೇಶ್ ಅಲ್ಲಿನ ಸಂಘದ ಅಧ್ಯಕ್ಷರು, ಅವರೇ ಕರೆದಿದ್ದರು.

"ಸಿನಿಮಾ ಬಿಟ್ಟು ನನಗೇನು ಗೊತ್ತೇ? ಅಲ್ಲಿ ಹೋಗಿ ನೀರಿನ ಮೋಟಾರ್ ಹಾಕೋದಾ?" ಎಂದರು ಶಿವರುದ್ರಯ್ಯನವರು.

"ಬಾಗಿಲಲ್ಲಿ ನಿಂತ್ಕೊಂಡ್ರೆ ಸಿನಿಮಾ ಆಗುತ್ತೇನ್ರೀ? ಒಂದು ತಿಂಗಳು ಹೋಗಿ ನೋಡಿ. ಒಗ್ಗದಿದ್ರೆ ಮಲ್ಟಿಪ್ಲೆಕ್ಸು ಎಲ್ಲಿಗೂ ಓಡಿಹೋಗಲ್ಲ" ಎಂದರು ಹೆಂಡತಿ ಉಮಾದೇವಿ.

ಒಂದು ತಿಂಗಳ ಮಟ್ಟಿಗೆ ಅಂತ ಹೊರಟರು. ಧೈರ್ಯಕ್ಕಿರಲಿ ಎಂದೋ ಏನೋ, ಬ್ಯಾಗಿನಲ್ಲಿ ನನ್ನನ್ನೂ ಇಟ್ಟುಕೊಂಡರು.

ಅಪಾರ್ಟ್‌ಮೆಂಟ್ ಆಫೀಸಿನ ಮೇಜಿನ ಮೇಲಿಂದ ನಾನು ಎಲ್ಲ ನೋಡುತ್ತಿದ್ದೆ. ಲಿಫ್ಟು ನಿಂತರೆ ಇವರನ್ನು ಕೇಳುವುದು, ಕಸ ಹೋಗದಿದ್ದರೆ ಇವರನ್ನು ಕೇಳುವುದು, ಯಾರದೋ ನಾಯಿ ಯಾರದೋ ಚಪ್ಪಲಿ ಕಚ್ಚಿದರೂ ಇವರೇ. ಅವನ್ನೆಲ್ಲ ಹೇಗೋ ಸಂಭಾಳಿಸಿದರು. ಸಿಕ್ಕಿಬಿದ್ದದ್ದು ಬಚ್ಚಲ ನೀರಿನ ವಿಚಾರದಲ್ಲಿ.

ಮೂರನೇ ಮಹಡಿಯ ಪುಟ್ಟತಾಯಮ್ಮ ದಿನಾ ಬೆಳಿಗ್ಗೆ ಬಂದು ನಿಲ್ಲುತ್ತಿದ್ದರು. "ನನ್ನ ದೇವರ ತಲೆ ಮೇಲೆ ಮೇಲಿನ ಮನೆ ಬಚ್ಚಲ ನೀರು ತೊಟ್ಟಿಕ್ತದೆ ಸ್ವಾಮಿ. ಕೇಳೋರು ಹೇಳೋರು ಯಾರೂ ಇಲ್ವಾ?" ಆಕೆ ಹೋದ ಮೇಲೆ, ನೇರ ಮೇಲಿನ ಮನೆಯ ಲೆಕ್ಚರರ್ ಜಯಶೀಲಾ ಬರುತ್ತಿದ್ದರು. "ನಮ್ಮ ಬಾತ್‌ರೂಮ್ ಚೆನ್ನಾಗೇ ಇದೆ. ಅವರು ಹೇಳಿದ್ರು ಅಂತ ನಾನ್ಯಾಕ್ರೀ ಟೈಲ್ಸ್ ಒಡೆಸ್ಲಿ?"

ಶಿವರುದ್ರಯ್ಯನವರು ಹಳೆಯ ಮದ್ದನ್ನೇ ತೆಗೆದರು. ಆಕೆಗೂ "ಆಯ್ತಮ್ಮ, ನೋಡೋಣ." ಈಕೆಗೂ "ಆಯ್ತು ಮೇಡಂ, ನೋಡೋಣ." ಶೋ ಮುಗಿಯಲಿ ಅಂತ ಕಾದರು. ಅಯ್ಯೋ ನನ್ನಪ್ಪಾ, ಮುಗಿಯುವುದೆಲ್ಲಿಂದ ಬಂತು! ಈ ಜನ ಎದ್ದು ಮನೆಗೆ ಹೋಗುವವರಲ್ಲ. ಮನೆಯಲ್ಲೇ ಇರುವವರು. ಬೆಳಗಾದರೆ ಅದೇ ಮೆಟ್ಟಿಲು, ಅದೇ ಮುಖ, ಅದೇ ತೊಟ್ಟಿಕ್ಕುವ ನೀರು. ಇಬ್ಬರೂ ಪಕ್ಷ ಕಟ್ಟಿಕೊಂಡರು. ಒಬ್ಬರು ಲಿಫ್ಟ್ ಹತ್ತಿದರೆ ಇನ್ನೊಬ್ಬರು ಇಳಿದುಬಿಡುತ್ತಿದ್ದರು.

ತಿಂಗಳು ತುಂಬುವ ಭಾನುವಾರ ಪಾರ್ಕಿಂಗಿನಲ್ಲಿ ಸಂಘದ ಸಭೆ. ಶಿವರುದ್ರಯ್ಯನವರು ನನ್ನನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡೇ ಹೋದರು. ಇವರನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬುದೂ ಅಲ್ಲೇ ತೀರ್ಮಾನವಾಗಬೇಕಿತ್ತು. ಅಷ್ಟರಲ್ಲಿ ಪುಟ್ಟತಾಯಮ್ಮ ಎದ್ದರು, ಜಯಶೀಲಾ ಎದ್ದರು, ಅವರ ಹಿಂದೆ ಎರಡು ಪಕ್ಷದವರೂ ಎದ್ದರು. "ಈ ಮ್ಯಾನೇಜರ್ ಬಾಯಲ್ಲಿ ನೋಡೋಣ ಬಿಟ್ರೆ ಬೇರೆ ಮಾತೇ ಇಲ್ಲ!" ಎಂದು ಯಾರೋ ಕೂಗಿದರು. ಶಿವರುದ್ರಯ್ಯನವರ ಮುಖ ಸಪ್ಪಗಾಯಿತು. ಮಾತು ನಿಜವಾಗಿತ್ತು, ಅದಕ್ಕೇ ಚುಚ್ಚಿತು.

ಆಗ ಅವರ ಕೈ ತಾನಾಗಿಯೇ ಬ್ಯಾಗಿಗೆ ಹೋಯಿತು. ನಾನು ಬಾಯಿ ಬಿಟ್ಟೆ ನೋಡಿ! ಎಷ್ಟು ದಿನದ ಹಸಿವು! ಪಾರ್ಕಿಂಗಿನ ಗೋಡೆಗಳೆಲ್ಲ ಮೊಳಗಿದವು.

"ಇಂಟರ್‌ವಲ್!" ಎಂದರು ಶಿವರುದ್ರಯ್ಯನವರು. "ಎಲ್ಲ ಟೀ ಕುಡೀರಿ."

ಕೂಗುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ಡಾಕ್ಟರ್ ಮಾಲತೇಶ್ ನಕ್ಕರು, ಅವರನ್ನು ನೋಡಿ ಮಿಕ್ಕವರೂ ನಕ್ಕರು. ಕಾಲುಗಳು ಟೀ ಕಡೆಗೆ ಹೊರಟವು. ಆದರೆ ಶಿವರುದ್ರಯ್ಯನವರು ಟೀ ಕುಡಿಯಲಿಲ್ಲ. ನನ್ನನ್ನು ಕೈಯಲ್ಲಿ ಹಿಡಿದೇ ಜಯಶೀಲಾ ಬಳಿ ಹೋದರು.

"ಮೇಡಂ, ಒಂದೇ ಒಂದು ಸಲ ಪುಟ್ಟತಾಯಮ್ಮನವರ ಮನೆಗೆ ಬನ್ನಿ. ನಾನು ಇನ್ನು ನೋಡೋಣ ಅನ್ನಲ್ಲ. ಈಗಲೇ ನೋಡ್ಬಿಡೋಣ."

ಜಯಶೀಲಾ ಮೂಗು ಮುರಿದರೂ ಬಂದರು. ಹಿಂದೆಯೇ ಪುಟ್ಟತಾಯಮ್ಮ ಗೊಣಗುತ್ತ ಬಂದರು. ಇಷ್ಟು ವರ್ಷ ಮೇಲೆ ಕೆಳಗೆ ಇದ್ದರೂ ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿದಿರಲಿಲ್ಲವಂತೆ. ದೇವರ ಮನೆಯಲ್ಲಿ ದೇವರ ಪಟಗಳ ಮೇಲೆ ಒಂದು ಹಳೆಯ ಕೊಡೆ ಬಿಚ್ಚಿ ಕಟ್ಟಿತ್ತು. ನೋಡುತ್ತಿದ್ದ ಹಾಗೇ ಅದರ ಮೇಲೆ ಟಪ್ ಎಂದು ಒಂದು ಹನಿ ಬಿತ್ತು.

ಜಯಶೀಲಾ ಆ ಕೊಡೆಯನ್ನೇ ನೋಡುತ್ತ ನಿಂತರು. "ಅಯ್ಯೋ ಅಮ್ಮಾ, ದೇವರಿಗೆ ಕೊಡೆ ಹಿಡ್ಸಿದ್ದೀರಲ್ಲ! ಇಷ್ಟು ಅಂತ ನನಗೆ ಗೊತ್ತಿರ್ಲಿಲ್ಲ."

"ಎಷ್ಟು ಸಲ ಬಡ್ಕೊಂಡೆ ತಾಯಿ" ಎಂದರು ಪುಟ್ಟತಾಯಮ್ಮ. ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ. "ನಿಂತ್ಕೊಂಡೇ ಇದ್ದೀಯಲ್ಲ, ಕೂತ್ಕೋ."

ಟೈಲ್ಸ್ ಒಡೆಸಲು ಜಯಶೀಲಾ ತಾವಾಗಿಯೇ ಒಪ್ಪಿದರು. ಸಭೆ ಮತ್ತೆ ಕೂತಾಗ ಶಿವರುದ್ರಯ್ಯನವರನ್ನು ಉಳಿಸಿಕೊಳ್ಳಲು ಎಲ್ಲರೂ ಕೈ ಎತ್ತಿದರು. ಅವರು ಮಾತ್ರ "ಯೋಚನೆ ಮಾಡಿ ಹೇಳ್ತೀನಿ" ಎಂದು ಎದ್ದರು. ಸಿನಿಮಾದ ಹುಚ್ಚು ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ನನಗೀಗ ವಯಸ್ಸಾಯಿತು. ಹಿಡಿ ಸಡಿಲವಾಗಿದೆ, ನಾಲಿಗೆ ಸವೆದಿದೆ. ಆಫೀಸಿನ ಕಿಟಕಿಯ ಮೂಲೆಯಲ್ಲಿ ಬಿಸಿಲು ಕಾಯಿಸುತ್ತ ಕೂತಿರುತ್ತೇನೆ. ಇಲ್ಲಿ ಜನರನ್ನು ಒಳಗೆ ಕರೆಯುವ ಕೆಲಸವಿಲ್ಲ, ಎಲ್ಲರೂ ಒಳಗೇ ಇದ್ದಾರೆ. ಬಾರಿಸುವವರಿಲ್ಲ ಎಂಬ ಕೊರಗೂ ನನಗಿಲ್ಲ. ಆ ಭಾನುವಾರದ ಮರುದಿನದ ಮಾತು ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಅವತ್ತು ಮೇಲೆ ಗಾರೆಯವನ ಸುತ್ತಿಗೆ ಧಡಧಡ ಅನ್ನುತ್ತಿತ್ತು. ಮಲ್ಟಿಪ್ಲೆಕ್ಸಿನವರು ಫೋನ್ ಮಾಡಿ, ನಾಳೆಯಿಂದ ಬರುತ್ತೀರಾ ಎಂದು ಕೇಳಿದರು. ಬಾಡಿಗೆ ಮನೆಯ ಶಿವರುದ್ರಯ್ಯನವರು, ಸ್ವಂತಕ್ಕೊಂದು ಇಟ್ಟಿಗೆಯೂ ಇಲ್ಲದವರು, ಒಂದು ಕಿವಿ ಮುಚ್ಚಿಕೊಂಡು ಸದ್ದಿನ ಮೇಲೆ ಕೂಗಿ ಹೇಳಿದರು:

"ಆಗಲ್ಲ ಸಾರ್, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನಮ್ಮನೇಲಿ ಬಚ್ಚಲು ರಿಪೇರಿ ನಡೀತಿದೆ."